ಸೊಟ್ಟ ಗಿಡುಗ

ಗಂಡ ಇನ್ನೂ ಏನನ್ನೂ ಕಂಡುಹಿಡಿದಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಅರ್ಲೀನ್ ಮಡಚುವ ಕುರ್ಚಿಗೆ ಬೆನ್ನು ಕೊಟ್ಟು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಆಗಸ್ಟಿನ ಬಿಸಿಲು ಇನ್ನೂ ಹದವಾಗಿತ್ತು. ನದಿಯ ಪಕ್ಕದ ಹುಲ್ಲಿನ ಮೇಲೆ ನೂರಿಪ್ಪತ್ತು ಹಳೇ ಕಾರುಗಳು ಬಾನೆಟ್ಟು ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ಕಳೆದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಸಾಲಿನ ಆ ತುದಿಯಲ್ಲಿ ಲ್ಯಾಡ್ ಹ್ರುಷ್ಕಾ, ಎಪ್ಪತ್ತೊಂಬತ್ತರ ಮುದುಕ, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ರೆಡ್‌ಟೇಲ್ ಎಂಬ ಮಾದರಿಯ ಒಂದು ಹಸಿರು ಕಾರಿನ ಬಲ ಮಡ್‌ಗಾರ್ಡಿನ ಮುಂದೆ ಬಗ್ಗಿದ್ದ. ಅಂಗಿ ಜೇಬಿನಿಂದ ಬೆರಳುದ್ದದ ರಸಮಟ್ಟ ತೆಗೆದು, ಅಲ್ಲಿದ್ದ ಕ್ರೋಮಿನ ಗಿಡುಗದ ಬೆನ್ನ ಮೇಲೆ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿರಬೇಕು, ತಲೆ ಅಲ್ಲಾಡಿಸಿ ಮುಂದಿನ ಕಾರಿಗೆ ನಡೆದ. ಅರ್ಲೀನ್ ಆಗ ಮೊದಲ ಗುಟುಕು ಕಾಫಿ ಕುಡಿದಳು. ವರ್ಷಕ್ಕೊಮ್ಮೆ ನಡೆಯುವ ಈ ಹಳೇ ಕಾರುಗಳ ಮೇಳದ ದಿನ ಅವಳಿಗೆ ಇಷ್ಟ. ಕತ್ತರಿಸಿದ ಹುಲ್ಲಿನ ವಾಸನೆ, ಅದರೊಳಗೆ ಸೇರಿಕೊಂಡ ಪೆಟ್ರೋಲಿನ ವಾಸನೆ, ಯಾರೋ ಬೇಯಿಸುತ್ತಿದ್ದ ಸಾಸೇಜಿನ ಹೊಗೆ, ಎಲ್ಲವೂ ಇಷ್ಟ. ಮಂಡಿ ಈ ವರ್ಷ ನೋಯುತ್ತಿಲ್ಲ, ಟೊಮೇಟೊ ಬಾಟಲಿಗಳೆಲ್ಲ ತುಂಬಿ ನೆಲಮಾಳಿಗೆಯಲ್ಲಿ ಕೂತಿವೆ, ಗಂಡ ಎಂಬವನು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಬದುಕಿದ್ದಾನೆ. ಸುಖವಾಗಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಆದರೆ ಈ ಮೈದಾನಕ್ಕೆ ಬಂದ ಮೊದಲ ಒಂದು ಗಂಟೆ, ಅವನು ಎಲ್ಲ ರೆಡ್‌ಟೇಲುಗಳನ್ನೂ ನೋಡಿ ಮುಗಿಸುವ ತನಕ, ಅವಳು ಅವನ ಬೆನ್ನಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಪ್ರತಿ ಆಗಸ್ಟಿನಲ್ಲೂ ಹೀಗೇ, ಪ್ರತಿ ಆಗಸ್ಟಿನಲ್ಲೂ ಊಟದ ಹೊತ್ತಿಗೆ ಜೀವ ಹಗುರಾಗುತ್ತಿತ್ತು.

ಲ್ಯಾಡ್ ಹುಡುಕುತ್ತಿದ್ದುದು ಒಂದು ಸೊಟ್ಟ ಗಿಡುಗವನ್ನು. ಇದೇ ಊರಿನಲ್ಲಿ ಹಾಲ್ಕಂಬ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಹನ್ನೊಂದು ವರ್ಷ ಅವನು ಲೈನಿನ ಮೇಲೆ ಬರುವ ಕಾರುಗಳ ಬಲ ಮಡ್‌ಗಾರ್ಡಿಗೆ ಗಿಡುಗದ ಬಿಲ್ಲೆ ಕೂರಿಸುವ ಕೆಲಸ ಮಾಡಿದ್ದ. ತೂತಿನ ಜಾಗ ತೋರಿಸುವ ಅಚ್ಚುಹಲಗೆ ನೇತುಹಾಕುವುದು, ಎರಡು ತೂತು ಕೊರೆಯುವುದು, ಗಿಡುಗವನ್ನು ಒತ್ತಿ ಕೂರಿಸುವುದು, ಮುಂದಿನ ಕಾರು. ಲಕ್ಷಗಟ್ಟಲೆ ಗಿಡುಗ. ಅದರಲ್ಲಿ ಒಂದೇ ಒಂದು, ಅರವತ್ತೊಂಬತ್ತನೇ ಇಸವಿಯ ಅಕ್ಟೋಬರಿನಲ್ಲಿ, ಕಿತ್ತಳೆ ಬಣ್ಣದ ಕಾರಿನ ಮೇಲೆ, ಕೊಕ್ಕು ಕೆಳಗೆ ಮಾಡಿಕೊಂಡು ಹೋಯಿತು. ಉಗುರಿನ ದಪ್ಪದಷ್ಟು ಸೊಟ್ಟ, ಅಷ್ಟೆ. ಡೆಲ್ಬರ್ಟ್ ಎಂಬ ಫೋರ್‌ಮನ್ ಅದನ್ನು ಲೈನಿನ ಕೊನೆಯಲ್ಲಿ ನೋಡಿ, ಎಲ್ಲರ ಮುಂದೆ ಲ್ಯಾಡನ ಕಾಲರು ಹಿಡಿದು ಎಳೆದುಕೊಂಡು ಹೋಗಿ, ಅವನ ಮೂಗನ್ನು ಗಿಡುಗಕ್ಕೆ ತಾಗಿಸಿ, ಕಣ್ಣು ಕಾಣುತ್ತದೋ ಇಲ್ಲವೋ ಎಂದು ಕೇಳಿದ. ಕಾರಂತೂ ರೈಲು ಹತ್ತಿ ಹೊರಟುಹೋಯಿತು, ಆಮೇಲೆ ಯಾರು ಯಾವ ಬಣ್ಣ ಬಳಿಸಿದರೋ ಎಂದೇ ಅವನು ಈಗ ಎಲ್ಲ ಬಣ್ಣದ ರೆಡ್‌ಟೇಲುಗಳನ್ನೂ ನೋಡುತ್ತಿದ್ದುದು. ಮೂರು ದಿನ ಕೆಲಸದಿಂದ ಮನೆಗೆ ಕಳಿಸಿದ್ದು ಲ್ಯಾಡನನ್ನು. ಹಿಂತಿರುಗಿ ಬಂದಾಗ ಅವನ ಹೆಸರು ಸೊಟ್ಟ ಲ್ಯಾಡ್ ಎಂದಾಗಿತ್ತು, ಇವತ್ತಿಗೂ ಹಾಗೇ ಇದೆ. ಅವನೇನೂ ಕಡಿಮೆಯವನಲ್ಲ. ಆ ಹೆಸರಿನಿಂದಲೇ ಒಂದು ಕಥೆ ಕಟ್ಟಿಕೊಂಡ. ಲೈನಿನ ಆಚೆ ಬದಿಯಲ್ಲಿ ತಲೆಗೆ ಹಳದಿ ವಸ್ತ್ರ ಕಟ್ಟಿದ್ದ ಒಬ್ಬಳು ಹುಡುಗಿ ಇದ್ದಳಂತೆ, ಅವಳನ್ನು ನೋಡುತ್ತ ಕೈ ಜಾರಿತಂತೆ, ಕೊನೆಗೆ ಅವಳೇ ಇವನಿಗೆ ಗಂಟುಬಿದ್ದಳಂತೆ. ಇಲ್ಲಿಗೆ ಬಂದಾಗ ಕುರ್ಚಿಯಲ್ಲಿ ಕೂತ ಅರ್ಲೀನಳ ಕಡೆ ಹೆಬ್ಬೆರಳು ತೋರಿಸುತ್ತಿದ್ದ, ಜನ ತಿರುಗಿ ನೋಡಿ ನಗುತ್ತಿದ್ದರು. ಅವಳೂ ಕೈ ಬೀಸುತ್ತಿದ್ದಳು. ಕಥೆಯಲ್ಲಿ ಅವಳು ಬರೀ ನೋಡಿಸಿಕೊಂಡವಳು. ನೀವೂ ಅಲ್ಲಿ ಏನಾದರೂ ಕೆಲಸ ಮಾಡುತ್ತಿದ್ದಿರಾ ಎಂದು ಇಷ್ಟು ವರ್ಷದಲ್ಲಿ ಒಬ್ಬ ಗಂಡಸೂ ಅವಳನ್ನು ಕೇಳಿರಲಿಲ್ಲ.

ಮಾಡುತ್ತಿದ್ದಳು. ಅವಳು ಬದಲಿ. ಲೈನಿನ ಮೇಲೆ ನಿಂತವನಿಗೆ ಹೊಟ್ಟೆ ಕೆಟ್ಟರೂ ಬದಲಿ ಬರುವ ತನಕ ಜಾಗ ಬಿಡುವ ಹಾಗಿಲ್ಲ. ಬದಲಿ ಎಂದರೆ ಯಾರ ಕೆಲಸವೂ ತನ್ನದಲ್ಲದ, ಎಲ್ಲರ ಕೆಲಸವೂ ಎಂಟು ನಿಮಿಷಕ್ಕೆ ತನ್ನದಾಗುವ ಮನುಷ್ಯ. ಆ ವಿಭಾಗದಲ್ಲಿ ಹೆಂಗಸರು ಮೂವರೇ ಇದ್ದರು, ಅವರಲ್ಲಿ ಬದಲಿಯಾದವಳು ಇವಳೊಬ್ಬಳೇ. ಡೆಲ್ಬರ್ಟ್ ಅವಳ ಹಿಂದೆ ನಿಂತು ಹಲ್ಲುಕಡ್ಡಿ ಅಗಿಯುತ್ತ, ಒಂದು ತಪ್ಪು ಮಾಡಲಿ ನೋಡೋಣ ಎಂದು ಕಾಯುತ್ತಿದ್ದ. ಆ ಹಲ್ಲುಕಡ್ಡಿಯ ಸದ್ದು ಡ್ರಿಲ್ಲಿನ ಸದ್ದಿಗಿಂತ ಜೋರಾಗಿ ಈಗಲೂ ಕೇಳಿಸುತ್ತದೆ. ಲ್ಯಾಡ್ ಎಂಬ ಹೆಸರೂ ಆಗ ಸರಿಯಾಗಿ ಗೊತ್ತಿರಲಿಲ್ಲ, ಆ ಅಕ್ಟೋಬರಿನ ದಿನ ಬಲ ಮಡ್‌ಗಾರ್ಡಿನ ಉದ್ದ ಮನುಷ್ಯ ಕೈ ಎತ್ತಿದ, ಇವಳು ಓಡಿದಳು. ಎಂಟು ನಿಮಿಷ, ಏಳು ಕಾರು. ಗೂಟಕ್ಕೆ ಎರಡು ಅಚ್ಚುಹಲಗೆ ನೇತುಬಿದ್ದಿದ್ದವು. ಹಳದಿಯದು ಸಾದಾ ಕಾರಿಗೆ, ನೀಲಿಯದು ಚಕ್ರದ ಕಮಾನಿಗೆ ಹೊಳೆಯುವ ಪಟ್ಟಿ ಬಡಿದಿರುವ ರೆಡ್‌ಟೇಲಿಗೆ. ಹಲಗೆಯ ಮುಂದಿನ ಕೊಕ್ಕೆಯನ್ನು ಕಮಾನಿನ ಅಂಚಿಗೆ ಕೆಳಗಿನಿಂದ ಸಿಗಿಸಬೇಕು, ಹಿಂದಿನದನ್ನು ಬಾಗಿಲಿನ ಅಂಚಿಗೆ. ಪಟ್ಟಿಯ ದಪ್ಪಕ್ಕೆ ಜಾಗ ಬಿಟ್ಟು ಮಾಡಿದ್ದು ನೀಲಿ ಹಲಗೆಯ ಕೊಕ್ಕೆ ಮಾತ್ರ. ಮೂರು ಸಾದಾ ಕಾರು ಒಟ್ಟಿಗೆ ಬಂದವು, ನಾಲ್ಕನೆಯದು ಕಿತ್ತಳೆ ರೆಡ್‌ಟೇಲ್. ಅವಳ ಕೈಯಲ್ಲಿದ್ದುದು ಹಳದಿ ಹಲಗೆಯೇ. ಕೊಕ್ಕೆ ಪಟ್ಟಿಯ ಕೆಳಗೆ ಸಿಕ್ಕಿಕೊಳ್ಳುವಾಗ ಕಿರ್ರ್ ಎಂದಿತು. ಕೊರೆದಳು, ಕೂರಿಸಿದಳು, ಕಾರು ಹೋಯಿತು. ಆರನೆಯ ಕಾರೂ ರೆಡ್‌ಟೇಲ್ ಆಗಿದ್ದುದರಿಂದ ನೀಲಿ ಹಲಗೆಗೆ ಕೈ ಹಾಕಿದಾಗ ಅವಳಿಗೆ ಗೊತ್ತಾಯಿತು. ಗೊತ್ತಾದಾಗ ಕಿತ್ತಳೆ ಕಾರು ಎರಡು ಗಾಡಿ ಮುಂದಕ್ಕೆ ಹೋಗಿತ್ತು. ಕೂಗಿದ್ದರೆ ನಿಲ್ಲಿಸುತ್ತಿದ್ದರೇನೋ. ಅವಳು ಕೂಗಲಿಲ್ಲ. ಅಷ್ಟರಲ್ಲಿ ಉದ್ದ ಮನುಷ್ಯ ಕೈ ಒರೆಸಿಕೊಳ್ಳುತ್ತ ಬಂದು, ಉಪಕಾರ ಆಯ್ತು ಎಂದ.

ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ತಣ್ಣಗಾಗುತ್ತಿತ್ತು. ಬೆಳಿಗ್ಗೆ ಹೊರಡುವಾಗ ಲ್ಯಾಡ್ ಅಡುಗೆಮನೆಯ ಗಡಿಯಾರ ಇಳಿಸಿ ಹೊಸ ಬ್ಯಾಟರಿ ಹಾಕಿ, ಮೊಳೆಗೆ ಸಿಗಿಸುವ ಮುಂಚೆ ಮಟ್ಟ ನೋಡಬೇಕೆಂದು ರಸಮಟ್ಟ ಹುಡುಕಿ ಹುಡುಕಿ, ಅದು ಹೊರಗೆ ಕಾರಿನಲ್ಲಿ ಕೂತಿದ್ದ ಅಂಗಿಯ ಜೇಬಿನಲ್ಲಿದೆ ಎಂದು ಗೊತ್ತಾಗಿ, ಬಂದ ಮೇಲೆ ಹಾಕಿದರಾಯಿತು ಎಂದು ಗಡಿಯಾರವನ್ನು ಮೇಜಿನ ಮೇಲೆ ಮಲಗಿಸಿ ಬಂದಿದ್ದ. ಎರಡು ಕ್ಷಣದ ಕೆಲಸ, ಕಣ್ಣಂದಾಜಿನಲ್ಲಿ ಸಿಗಿಸು ಎಂದಿದ್ದಳು. ಅವನು ಅವಳ ಮುಖವನ್ನೇ ನೋಡಿದ. ಅವನಿಗೆ ಕಣ್ಣಂದಾಜು ಎಂಬುದೇ ಇಲ್ಲ. ಮದುವೆಯ ಫೋಟೋ, ಸ್ನಾನದ ಮನೆಯ ಟವೆಲು ಕಡ್ಡಿ, ಕ್ರಿಸ್‌ಮಸ್ ಮರ, ಒಮ್ಮೆ ಅವಳು ಮಾಡಿದ ಕೇಕು, ಎಲ್ಲದರ ಮೇಲೂ ಆ ರಸಮಟ್ಟ ಕೂತಿದೆ. ಮೂರು ಸಲ ನೋಡುತ್ತಾನೆ. ಊರಿನವರಿಗೆ ಅದೂ ತಮಾಷೆ, ಸೊಟ್ಟ ಲ್ಯಾಡ್ ನೆಟ್ಟಗಾಗಲು ಹೊರಟಿದ್ದಾನೆ ಎನ್ನುತ್ತಾರೆ. ಅವನೂ ಎಲ್ಲರಿಗಿಂತ ಜೋರಾಗಿ ನಗುತ್ತಾನೆ. ಅರವತ್ತೊಂಬತ್ತಕ್ಕೆ ಮುಂಚೆ ಅವನ ಜೇಬಿನಲ್ಲಿ ರಸಮಟ್ಟ ಇರಲಿಲ್ಲ ಎಂಬುದು ಅವಳಿಗೊಬ್ಬಳಿಗೆ ಗೊತ್ತು. ಅವನ ಬಾಡಿಗೆ ಕೋಣೆಗೆ ಅವಳು ಮೊದಲ ಸಲ ಹೋದಾಗ ಗೋಡೆಯ ಮೇಲೆ ಮೀನು ಹಿಡಿಯುವ ಫೋಟೋ ಒಂದು ವಾರೆಯಾಗಿ ತೂಗುತ್ತಿತ್ತು, ಅವನು ಅದನ್ನೇ ನೋಡುತ್ತ ಮಂಚದ ಮೇಲೆ ಕೂತಿದ್ದ. ಶಿಕ್ಷೆಯ ಮೊದಲನೇ ದಿನ ಅದು. ಅವಳು ಪೈ ಎಂಬ ಸಿಹಿತಿಂಡಿ ಬೇಯಿಸಿಕೊಂಡು ಹೋಗಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಂಬಳಕಾಯಿಯನ್ನೇ ಬೇಯಿಸಿ ಪೈ ಮಾಡಿಕೊಂಡು ಹೋಗಿ ಕೊಟ್ಟಳು.

"ಅರ್ಲೀನ್," ಎಂದು ಲ್ಯಾಡನ ಕೂಗು ಕೇಳಿಸಿತು. "ಅರ್ಲೀನ್, ಬಾ ಇಲ್ಲಿ. ಸಿಕ್ಕಿಬಿಟ್ಟ ನಮ್ಮ ಗಿಡುಗ."

ಕಾಫಿ ಹುಲ್ಲಿಗೆ ಚೆಲ್ಲಿತು. ಕುರ್ಚಿಯ ಕೈ ಹಿಡಿದು ಏಳುವಾಗ ನೋಯದ ಮಂಡಿಯೂ ಒಮ್ಮೆ ನೋಯಿತು. ಮೈದಾನದ ಮೂಲೆಯಲ್ಲಿ, ಮರದ ಕೆಳಗೆ, ಯಾರೂ ಕೈ ಹಚ್ಚದ ಕಾರುಗಳು ಎಂದು ಬೋರ್ಡು ನೆಟ್ಟ ಸಾಲಿನಲ್ಲಿ ಕಿತ್ತಳೆ ಕಾರು ನಿಂತಿತ್ತು. ಬಣ್ಣ ಅಲ್ಲಲ್ಲಿ ಮಂಕಾಗಿತ್ತು, ಸೀಟಿನ ಹೊಲಿಗೆ ಬಿಟ್ಟಿತ್ತು, ಆದರೆ ಕಾರ್ಖಾನೆಯಿಂದ ಹೊರಬಿದ್ದ ದಿನ ಏನಿತ್ತೋ ಎಲ್ಲವೂ ಅದೇ. ಆ ಸಾಲಿನ ಮರ್ಯಾದೆಯೇ ಅದು. ಒಂದು ಸ್ಕ್ರೂ ಬದಲಾಗಿದ್ದರೂ ಅಲ್ಲಿಂದ ಎಬ್ಬಿಸುತ್ತಾರೆ. ಲ್ಯಾಡ್ ಗಿಡುಗದ ಬೆನ್ನ ಮೇಲೆ ರಸಮಟ್ಟ ಇಟ್ಟುಕೊಂಡು, ಗುಳ್ಳೆ ಬಾಲದ ಕಡೆಗೆ ಓಡಿದ್ದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅರ್ಲೀನ್ ಗಿಡುಗವನ್ನು ನೋಡಿದಳು. ನೆನಪಿನಲ್ಲಿ ಅದು ದೊಡ್ಡದಾಗಿ ಬೆಳೆದುಬಿಟ್ಟಿತ್ತು. ಇಲ್ಲಿ ನೋಡಿದರೆ ಅಂಗೈಯಗಲದ ಹಕ್ಕಿ, ಬಾಲಕ್ಕೆ ಬಳಿದ ಕೆಂಪು ಅರ್ಧ ಉದುರಿದೆ, ನೆಲದ ಮೇಲೆ ಏನೋ ಕಾಳು ಕಂಡಹಾಗೆ ಕೊಕ್ಕು ಸ್ವಲ್ಪ ಇಳಿದಿದೆ. ಇಷ್ಟಕ್ಕೇನಾ ಎನ್ನಿಸಿತು. ಒಂದು ಕ್ಷಣ ಅವಳಿಗೆ ನಗು ಬಂತು, ತನ್ನದೇ ಮಗುವಿನ ಹಳೇ ತಂಟೆಯನ್ನು ಕಂಡಷ್ಟು ಅಕ್ಕರೆಯೂ ಬಂತು.

ಕಾರಿನ ಒಡತಿ ಡೀನಾ ಮ್ಯಾಟ್ಸನ್ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಶಾಲೆಯ ಬಸ್ಸು ಓಡಿಸುವ, ಐವತ್ತು ದಾಟಿದ, ಗಟ್ಟಿ ತೋಳಿನ ಹೆಂಗಸು. ತಲೆಗೆ ಗಂಡಸಿನ ಹಳೇ ಟೋಪಿ. ಅವಳ ಅಪ್ಪ ಮರ್ಲ್ ಆ ಕಾರನ್ನು ಹೊಸದಾಗಿ ಕೊಂಡವನು, ಈ ಚಳಿಗಾಲದಲ್ಲಿ ತೀರಿಕೊಂಡ. ಅಪ್ಪ ಬದುಕಿದ್ದಷ್ಟು ದಿನವೂ ಇದಕ್ಕೆ ಯಾರ ಕೈಯೂ ಬಿದ್ದಿಲ್ಲ ಎಂದು ಹೇಳುತ್ತಿದ್ದನಂತೆ, ಅದನ್ನು ಒಂದು ಸಲ ಬರವಣಿಗೆಯಲ್ಲಿ ನೋಡಬೇಕು ಎಂಬುದು ಅವನ ಆಸೆಯಂತೆ. ಅರ್ಧ ಗಂಟೆ ಹಿಂದೆ ತೀರ್ಪುಗಾರ ಪ್ರೆಸ್ಕಾಟ್ ಬಂದು ಈ ಗಿಡುಗವನ್ನು ಅಳೆದು, ಮಡ್‌ಗಾರ್ಡನ್ನು ಆಮೇಲೆ ಎಂದೋ ಬದಲಿಸಿದ್ದಾರೆ, ಬಿಲ್ಲೆಯನ್ನು ಗ್ಯಾರೇಜಿನಲ್ಲಿ ಕೂರಿಸಿದ್ದಾರೆ ಎಂದು ಬರೆದು, ಕಾರನ್ನು ಸಾಲಿನಿಂದ ತೆಗೆಯಬೇಕೆಂದು ಹೇಳಿ ಹೋಗಿದ್ದ. ಅಂದರೆ ನಿಮ್ಮಪ್ಪ ಸುಳ್ಳು ಹೇಳಿದ ಎಂದು ಹೇಳಿದ ಹಾಗೇ ಅಲ್ಲವಾ ಎಂದು ಡೀನಾ ಲ್ಯಾಡನನ್ನು ಕೇಳುತ್ತಿದ್ದಳು. ಲ್ಯಾಡ್ ಅವಳ ಭುಜ ತಟ್ಟಿ, ಯೋಚನೆ ಮಾಡಬೇಡ, ಇದನ್ನು ಸೊಟ್ಟ ಕೂರಿಸಿದವನು ಇಲ್ಲೇ ನಿಂತಿದ್ದಾನೆ, ಬರೆದು ಸಹಿ ಹಾಕಿಕೊಡುತ್ತೇನೆ ಎಂದ. ತೀರ್ಪುಗಾರನನ್ನು ಕರೆತರಲು ಯಾರೋ ಹೋದರು.

ಪ್ರೆಸ್ಕಾಟ್ ಕಸುಬಿನಿಂದ ಹಲ್ಲಿನ ವೈದ್ಯ. ಬಿಳಿ ಕೈಗವಸು ತೊಟ್ಟು, ಕನ್ನಡಿ ಕಟ್ಟಿದ ಕೋಲು ಹಿಡಿದು ಕಾರುಗಳ ಸಂದುಗೊಂದು ನೋಡುವ ಮನುಷ್ಯ, ಕೆಟ್ಟವನಲ್ಲ. ಲ್ಯಾಡ್ ತನ್ನ ಕಥೆಯನ್ನು ಮೊದಲಿನಿಂದ ಶುರು ಮಾಡಿದ. ಹಳದಿ ವಸ್ತ್ರ ಬಂತು, ಹುಡುಗಿ ಬಂದಳು, ಕೈ ಜಾರಿತು, ಹೆಬ್ಬೆರಳು ಅರ್ಲೀನಳ ಕಡೆ ತಿರುಗಿತು. ಜನ ನಕ್ಕರು. ಅವಳು ಅಭ್ಯಾಸದಿಂದ ಕೈ ಎತ್ತಿದಳು, ಅರ್ಧಕ್ಕೇ ಇಳಿಸಿದಳು. ಪ್ರೆಸ್ಕಾಟ್ ಪೂರ್ತಿ ಕೇಳಿದ ಮೇಲೆ ಮಂಡಿಯೂರಿ ಕೂತು, ಚಕ್ರದ ಕಮಾನಿನೊಳಕ್ಕೆ ಕನ್ನಡಿ ತೂರಿಸಿ, ಒಳಗಿನಿಂದ ತೂತುಗಳನ್ನು ಲ್ಯಾಡನಿಗೆ ತೋರಿಸಿದ.

"ಹ್ರುಷ್ಕಾ ಅವರೇ, ನಿಮ್ಮ ಕಥೆ ಚೆನ್ನಾಗಿದೆ. ಆದ್ರೆ ಕೈ ಜಾರಿದ್ರೆ ತೂತು ಅಗಲ ಆಗತ್ತೆ, ಅಂಚು ಹರಿಯತ್ತೆ. ಇವು ನೋಡಿ, ನಾಣ್ಯದ ಹಾಗೆ ದುಂಡಗಿವೆ. ಎರಡೂ ತೂತಿನ ಅಂತರಾನೂ ಸರಿಯಾಗಿದೆ. ಯಾರೋ ನಿಧಾನವಾಗಿ, ಅಚ್ಚು ಇಟ್ಕೊಂಡೇ ಕೊರೆದಿದ್ದಾರೆ. ಕಾರ್ಖಾನೆ ಅಚ್ಚಲ್ಲಿ ಸೊಟ್ಟ ಬರೋಕೆ ಸಾಧ್ಯ ಇಲ್ಲ. ಅದಕ್ಕೇ ಇದು ಆಮೇಲೆ ಆದ ಕೆಲಸ ಅಂತ ನಾನು ಹೇಳಿದ್ದು."

ಲ್ಯಾಡ್ ಮತ್ತೆ ಕನ್ನಡಿಯೊಳಗೆ ಬಗ್ಗಿ ನೋಡಿದ. ಐವತ್ತನಾಲ್ಕು ವರ್ಷ ಹೇಳಿದ ಕಥೆ ಎರಡು ದುಂಡನೆಯ ತೂತಿನಲ್ಲಿ ಸೋರಿಹೋಗುವುದನ್ನು ಅರ್ಲೀನ್ ಅವನ ಕತ್ತಿನ ಹಿಂಭಾಗದಲ್ಲೇ ಕಂಡಳು. ಆ ಕತ್ತು ಅವಳಿಗೆ ಚೆನ್ನಾಗಿ ಗೊತ್ತು. ಡೆಲ್ಬರ್ಟ್ ಕಾಲರು ಹಿಡಿದಾಗ ಅದು ಹೀಗೇ ಕೆಂಪಾಗಿತ್ತು, ಅವಳು ಹತ್ತು ಹೆಜ್ಜೆ ದೂರದಲ್ಲಿ ಸ್ಕ್ರೂ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಈಗಲೂ ಸುಮ್ಮನಿರಬಹುದು. ಸುಮ್ಮನಿದ್ದರೆ ಕಾರು ಸಾಲಿನಿಂದ ಹೋಗುತ್ತದೆ, ಸತ್ತವನು ಸುಳ್ಳನಾಗುತ್ತಾನೆ, ಲ್ಯಾಡ್ ಮುಂದಿನ ಆಗಸ್ಟಿಗೂ ರಸಮಟ್ಟ ಹಿಡಿದು ಬೇರೆ ಕಿತ್ತಳೆ ಕಾರು ಹುಡುಕುತ್ತಾನೆ. ಮಾತಾಡಿದರೆ? ಒಂದು ಪೈ, ಒಂದು ಮದುವೆ, ಮನೆ, ಮಂಚ, ಐವತ್ತಮೂರು ಕ್ರಿಸ್‌ಮಸ್ ಮರ, ಇವೆಲ್ಲ ಒಂದು ತಪ್ಪಿನ ಪ್ರಾಯಶ್ಚಿತ್ತವಾಗಿತ್ತು ಎಂದು ಅವನಿಗೆ ಅನ್ನಿಸಿಬಿಟ್ಟರೆ ತಾನು ಯಾವ ಬಾವಿಗೆ ಬೀಳಬೇಕು? ಆಗ ಡೀನಾ ಅಪ್ಪನ ಟೋಪಿ ತೆಗೆದು ಅದರ ಒಳಗನ್ನು ನೋಡುತ್ತ ನಿಂತಳು. ಅರ್ಲೀನಳಿಗೆ ತಡೆಯಲಾಗಲಿಲ್ಲ.

"ಅಚ್ಚಲ್ಲೇ ಕೊರೆದಿದ್ದು," ಎಂದಳು. "ಅಚ್ಚು ಬೇರೆ, ಅಷ್ಟೆ. ಹಳದಿ ಅಚ್ಚು, ಸಾದಾ ಕಾರಿಂದು. ಅದರ ಕೊಕ್ಕೆ ಪಟ್ಟಿ ಕೆಳಗೆ ಕೂತ್ಕೊಳ್ಳತ್ತೆ, ಪಟ್ಟಿ ದಪ್ಪ ಎಷ್ಟೋ ಅಷ್ಟು ಮುಂದುಗಡೆ ಇಳಿಯತ್ತೆ. ಪಟ್ಟಿ ಕೆಳಗೆ ನೋಡಿ ಡಾಕ್ಟ್ರೇ, ಕೊಕ್ಕೆ ಗೀರಿರ್ಬೇಕು, ಉಗುರು ಒತ್ತಿದ ಹಾಗೆ."

ಪ್ರೆಸ್ಕಾಟ್ ಮೊದಲ ಬಾರಿಗೆ ಅವಳ ಮುಖ ನೋಡಿದ. ಅಂಥ ಅಚ್ಚಿನ ವಿಷಯ ತಾನು ಯಾವ ಪುಸ್ತಕದಲ್ಲೂ ಓದಿಲ್ಲವಲ್ಲ, ನಿಮಗೆ ಹೇಗೆ ಗೊತ್ತು ಎಂದು ಮರ್ಯಾದೆಯಾಗಿಯೇ ಕೇಳಿದ.

"ಕೊರೆದವಳು ನಾನು. ಇವರು ಎಂಟು ನಿಮಿಷ ಕಕ್ಕಸಿಗೆ ಹೋಗಿದ್ರು. ನಾನು ಬದಲಿ."

ಯಾರೂ ನಗಲಿಲ್ಲ. ಪ್ರೆಸ್ಕಾಟ್ ಹುಲ್ಲಿನ ಮೇಲೆ ಬೆನ್ನು ಹಾಕಿ ಮಲಗಿ, ಕನ್ನಡಿಯನ್ನೂ ಪುಟ್ಟ ದೀಪವನ್ನೂ ಕಮಾನಿನ ಪಟ್ಟಿಯ ಕೆಳಗೆ ಹಿಡಿದು, ಬಹಳ ಹೊತ್ತು ನೋಡಿದ. ಆಮೇಲೆ ಬಿಳಿ ಕೈಗವಸಿನ ಬೆರಳಿನಿಂದ ಒಂದು ಕಡೆ ಸವರಿ, ಡೀನಾಳನ್ನು ಕರೆದು ತೋರಿಸಿದ. ಅರ್ಧ ಚಂದ್ರದಂಥ ಗೀರು. ಅದರೊಳಗೆ ಐವತ್ತು ವರ್ಷದ ಕೊಳೆಯ ಅಡಿಯಲ್ಲಿ ಹಳದಿ ಬಣ್ಣದ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಅವನು ಎದ್ದು ಬಟ್ಟೆ ಕೊಡವಿಕೊಂಡು, ತಾನು ಬರೆದದ್ದನ್ನು ಹೊಡೆದುಹಾಕಿ, ಹೊಸ ಹಾಳೆ ತೆಗೆದು ಅರ್ಲೀನಳ ಮುಂದೆ ಹಿಡಿದ. ಅವಳು ಹೆಸರು ಬರೆದಳು. ಕೆಲಸ ಎಂಬಲ್ಲಿ ಬದಲಿ ಎಂದು ಬರೆದಳು. ಡೀನಾ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು, ಮತ್ತೆ ತಲೆಗೇರಿಸಿದ್ದ ಟೋಪಿಯ ಅಂಚು ಅರ್ಲೀನಳ ಕೆನ್ನೆಗೆ ಒತ್ತಿತು. ಡೀನಾಳ ಹೆಗಲ ಮೇಲಿಂದ ನೋಡಿದಾಗ ಲ್ಯಾಡ್ ಅಲ್ಲಿರಲಿಲ್ಲ.

ಅವನು ನದಿಯ ದಂಡೆಯ ಬೆಂಚಿನ ಮೇಲೆ ಕೂತಿದ್ದ. ಅವಳು ತಕ್ಷಣ ಹೋಗಲಿಲ್ಲ. ಸಾಸೇಜ್ ಅಂಗಡಿಯ ಸಾಲಿನಲ್ಲಿ ನಿಂತಳು, ಅವನಿಗೆ ಸಾಸಿವೆ ಗೊಜ್ಜು ಹೆಚ್ಚು, ಈರುಳ್ಳಿ ಬೇಡ ಎಂದು ಹೇಳಿ ಬನ್ನಿನೊಳಗಿಟ್ಟ ಎರಡು ಸಾಸೇಜ್ ಕೊಂಡಳು. ನೋಡು, ಈಗಲೂ ತಿನ್ನುವುದನ್ನೇ ಹಿಡಿದುಕೊಂಡು ಹೋಗುತ್ತಿದ್ದೀಯ, ನಿನಗೆ ಬೇರೆ ಬುದ್ಧಿಯೇ ಇಲ್ಲ ಎಂದು ತನಗೆ ತಾನೇ ಬೈದುಕೊಂಡಳು. ಅವತ್ತೂ ಹೀಗೇ, ಪೈ ತಟ್ಟೆ ಬಿಸಿಯಾಗಿತ್ತು, ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ಎಲ್ಲವನ್ನೂ ಹೇಳಿಬಿಡುವುದು ಎಂದು ನಿಶ್ಚಯ ಮಾಡಿದ್ದಳು. ಬಾಗಿಲು ತೆರೆದವನು ಅವಳನ್ನೂ ಪೈಯನ್ನೂ ನೋಡಿ, ಇಡೀ ಕಾರ್ಖಾನೆಯಲ್ಲಿ ನನ್ನನ್ನು ನೋಡೋಕೆ ಬಂದವಳು ನೀನೊಬ್ಬಳೇ ಎಂದುಬಿಟ್ಟ. ಆ ಮಾತು ಕೇಳಿದ ಮೇಲೆ ಹೇಳುವುದು ಹೇಗೆ? ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆಗಳಿಗೇನು ಬರ? ಬೆಂಚಿನ ಮೇಲೆ ಕೂತು ಒಂದು ಬನ್ನನ್ನು ಅವನ ಮಂಡಿಯ ಮೇಲಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ, ತಳ್ಳಲೂ ಇಲ್ಲ. ನೀರಿನಲ್ಲಿ ಎರಡು ಬಾತುಕೋಳಿ ಹೋಗುತ್ತಿದ್ದವು.

"ಯಾಕೆ ಹೇಳ್ಲಿಲ್ಲ?" ಎಂದ, ಬಾತುಕೋಳಿಗಳನ್ನೇ ನೋಡುತ್ತ.

"ಮೊದ್ಲು ಕೆಲಸ ಹೋಗತ್ತೆ ಅಂತ. ಆಮೇಲೆ ನೀನು ಹೋಗ್ತೀಯ ಅಂತ. ಈಚೆಗೆ, ನಿನ್ನ ಕಥೆ ಹೋಗತ್ತೆ ಅಂತ. ನೀನು ಅದನ್ನ ಹೇಳೋವಾಗ ನಿನ್ನ ಮುಖ ನೋಡ್ಬೇಕು."

"ಆ ಪೈ. ಅದು ನನ್ನ ಮೇಲಿನ ಪ್ರೀತಿಗೆ ಅಲ್ಲ ಹಾಗಾದ್ರೆ."

"ಅಲ್ಲ. ನಿನ್ನ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ ನಾನು. ಹೊಟ್ಟೆಯೊಳಗೆ ಕೆಂಡ ಇಟ್ಕೊಂಡು ಬಂದಿದ್ದೆ."

"ಮಾರನೇ ದಿನ ಬಂದ್ಯಲ್ಲ."

"ತಟ್ಟೆ ವಾಪಸ್ ಬೇಕಿತ್ತು. ಅಮ್ಮಂದು ಅದು."

"ಮೂರನೇ ದಿನ?"

ಅರ್ಲೀನ್ ತನ್ನ ಬನ್ನಿನ ಕಾಗದವನ್ನು ಮಡಿಸಿದಳು, ಬಿಚ್ಚಿದಳು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಕೆನ್ನೆ ಬಿಸಿಯಾಗುವುದೆಂದರೆ ಅವಳಿಗೇ ನಾಚಿಕೆಯಾಯಿತು.

"ಎರಡನೇ ದಿನ ತಟ್ಟೇನ ಬೇಕಂತಲೇ ನಿನ್ನ ಮಂಚದ ಕೆಳಗೆ ತಳ್ಳಿ ಬಂದಿದ್ದೆ."

ಅವನು ಅವಳ ಕಡೆ ತಿರುಗಲಿಲ್ಲ. ಆದರೆ ಬನ್ನಿನ ಕಾಗದ ಬಿಡಿಸಿ, ಒಂದು ತುತ್ತು ಕಚ್ಚಿ, ನಿಧಾನವಾಗಿ ಅಗಿಯತೊಡಗಿದ. ಸಾಸಿವೆ ಅವನ ಗದ್ದಕ್ಕೆ ಹತ್ತಿತು, ಅವಳು ಒರೆಸಲಿಲ್ಲ. ಇನ್ನು ಜನಕ್ಕೆ ತಾನು ಏನೆಂದು ಹೇಳಬೇಕು, ಸೊಟ್ಟ ಲ್ಯಾಡ್ ಎನ್ನುವವನೇ ಇಲ್ಲವಲ್ಲ, ಐವತ್ತು ವರ್ಷ ಬೇರೆಯವರ ಹೆಸರಿನಲ್ಲಿ ಬದುಕಿದ ಹಾಗಾಯಿತು ಎಂದು ಗೊಣಗಿದ. ಗೊಣಗಾಟದಲ್ಲಿ ಕೋಪ ಇತ್ತು. ಇರಬೇಕಾದ್ದೇ ಎಂದು ಅವಳು ಸುಮ್ಮನೆ ಕೇಳಿದಳು. ಮದುವೆಯಾದ ಮೇಲಾದರೂ ಹೇಳಬಹುದಿತ್ತು ಎಂದ, ಹೌದು ಎಂದಳು. ಡೆಲ್ಬರ್ಟ್ ಸತ್ತ ದಿನವಾದರೂ ಹೇಳಬಹುದಿತ್ತು ಎಂದ, ಅದಕ್ಕೂ ಹೌದು ಎಂದಳು. ಬನ್ನು ಮುಗಿಯುವ ಹೊತ್ತಿಗೆ ಅವನು ಅಗಿಯುವುದನ್ನು ನಿಲ್ಲಿಸಿ, ನೀರಿನ ಕಡೆಗೇ ಕಣ್ಣಿಟ್ಟು, ಏನೋ ಲೆಕ್ಕ ಹಾಕುವವನ ಹಾಗೆ ಕೂತ. ಕೊನೆಗೆ ಮಾತಾಡಿದಾಗ ಅವನ ದನಿ ಬೇರೆಯಾಗಿತ್ತು, ಅಂಥ ದನಿಯನ್ನು ಅವಳು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

"ಅಂದ್ರೆ, ಅರ್ಲೀನ್, ಹನ್ನೊಂದು ವರ್ಷ ನಾನು ಕೂರಿಸಿದ್ದೆಲ್ಲ ನೆಟ್ಟಗೇ ಇತ್ತು?"

"ಎಲ್ಲಾನೂ."

"ಒಂದೂ ಸೊಟ್ಟ ಇಲ್ಲ?"

"ಒಂದೂ ಇಲ್ಲ ಕಣೋ."

ಅವನು ಹೂಂ ಎಂದ. ಮತ್ತೆ ಒಂದು ಸಲ ಹೂಂ ಎಂದ. ಆಗ ಅವಳಿಗೆ ತಿಳಿಯಿತು, ಎಲ್ಲರಿಗಿಂತ ಜೋರಾದ ಆ ನಗು ಇಷ್ಟು ಕಾಲ ಯಾವುದರ ಮೇಲೆ ಮುಚ್ಚಳವಾಗಿ ಕೂತಿತ್ತು ಎಂದು. ಅವಳಿಗೆ ಅಳು ಬಂತು, ಅತ್ತಳು. ಅವನು ಸಾಸಿವೆ ಮೆತ್ತಿದ ಕರವಸ್ತ್ರವನ್ನೇ ಕೊಟ್ಟ, ಅವಳು ಅದರಲ್ಲೇ ಮೂಗು ಒರೆಸಿಕೊಂಡಳು. ಮಧ್ಯಾಹ್ನ ಮೈಕಿನಲ್ಲಿ ಡೀನಾಳ ಕಾರಿನ ಹೆಸರು ಕರೆದಾಗ ಇಬ್ಬರೂ ಎದ್ದು ಹೋಗಿ ಚಪ್ಪಾಳೆ ತಟ್ಟಿದರು. ಪ್ರೆಸ್ಕಾಟ್ ಹಾಳೆಯಲ್ಲಿದ್ದುದನ್ನು ಓದಿದ, ಕಾರ್ಖಾನೆಯಿಂದ ಹೊರಬಿದ್ದ ಹಾಗೇ ಇದೆ, ಗಿಡುಗದ ಸೊಟ್ಟ ಸಮೇತ. ಪಕ್ಕದಲ್ಲಿ ನಿಂತಿದ್ದ ಯಾರೋ ಹಳೇ ಗೆಳೆಯ, ಏನಪ್ಪಾ ಸೊಟ್ಟ ಲ್ಯಾಡ್ ಎಂದು ಬೆನ್ನು ತಟ್ಟಿದ. ಲ್ಯಾಡ್ ಅವನಿಗೆ ಉತ್ತರ ಕೊಡುವ ಮೊದಲು ಹೆಬ್ಬೆರಳನ್ನು ಹೆಂಡತಿಯ ಕಡೆ ತಿರುಗಿಸಿದ.

"ಆ ಹೆಸರು ಇವಳದು ಕಣೋ. ನಾನು ಇಷ್ಟು ದಿನ ಸುಮ್ನೆ ಹೊತ್ಕೊಂಡಿದ್ದೆ."

ಮನೆಗೆ ಬಂದಾಗ ಬಿಸಿಲು ಅಡುಗೆಮನೆಯ ನೆಲದವರೆಗೂ ಚಾಚಿಕೊಂಡಿತ್ತು. ದಾರಿಯುದ್ದಕ್ಕೂ ಅವನು ಹೆಚ್ಚು ಮಾತಾಡಿರಲಿಲ್ಲ, ಅವಳೂ ಕೆದಕಿರಲಿಲ್ಲ. ಒಂದೆರಡು ದಿನ ಮುಖ ದಪ್ಪ ಮಾಡಿಕೊಂಡಿರುತ್ತಾನೆ, ಇರಲಿ, ಅದು ಅವನ ಹಕ್ಕು. ಅವಳು ಬ್ರೆಡ್ಡು ಕುಯ್ದು, ಟೊಮೇಟೊ ಕುಯ್ದು, ತಟ್ಟೆ ಹಾಕುವುದಕ್ಕೆ ಮೇಜಿನ ಮೇಲೆ ಜಾಗ ಸಾಲದೆ, ಬೆಳಿಗ್ಗೆಯಿಂದ ಮಲಗಿದ್ದ ಗಡಿಯಾರದ ಕಡೆ ನೋಡಿದಳು. ಲ್ಯಾಡ್ ಅದನ್ನು ಎತ್ತಿಕೊಂಡ. ಕುರ್ಚಿ ಹತ್ತುವುದು ಬೇಡ ಎನ್ನುವಷ್ಟರಲ್ಲಿ ಕೈ ಚಾಚಿ ಮೊಳೆಗೆ ಸಿಗಿಸಿಯೇಬಿಟ್ಟ. ರಸಮಟ್ಟ ಅವನ ಅಂಗಿ ಜೇಬಿನಲ್ಲೇ ಇತ್ತು, ಅದರ ತುದಿ ಅವಳಿಗೆ ಕಾಣುತ್ತಿತ್ತು. ಅವನ ಕೈ ಜೇಬಿಗೆ ಹೋಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಬಂದು, ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದ.

"ನೆಟ್ಟಗಿದೆಯಾ?"

ಅವಳು ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬಲಗಡೆ ಸ್ವಲ್ಪ ಇಳಿದಿದೆ."

"ಇರ್ಲಿ ಬಿಡು," ಎಂದು ಅವನು ಊಟಕ್ಕೆ ಕೂತ.